ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಮುಂಬಯಿಗೆ ಬಂದ ಮೇಲೆ ನಮಗೆ ಅದಕ್ಕೊಂದು ಇಲ್ಲಿಯ ಹೆಸರೂ ಸಿಕ್ಕಿತು: ಕಚ್ಚಾ ಲಿಂಬು. ದೊಡ್ಡ ಹುಡುಗರ ಆಟದಲ್ಲಿ ಪುಟ್ಟ ತಮ್ಮನೋ ತಂಗಿಯೋ ಹಟ ಹಿಡಿದು ಸೇರಿಕೊಂಡರೆ ಓಡಿಸುವಂತಿಲ್ಲ. ಓಡಿಸಿದರೆ ಅಮ್ಮನವರೆಗೆ ದೂರು ಹೋಗುತ್ತದೆ. ಆದುದರಿಂದ ಆ ಮಗುವಿಗೆ ಈ ಬಿರುದು. ಕಚ್ಚಾ ಲಿಂಬು ಔಟಾದರೂ ಔಟಲ್ಲ, ಸಿಕ್ಕಿಬಿದ್ದರೂ ಸಿಕ್ಕಿಬಿದ್ದಂತಲ್ಲ. ಸೋಲೇ ಇಲ್ಲದ ಆಟ! ಇದಕ್ಕಿಂತ ಸುಖವುಂಟೇ ಎಂದು ದೊಡ್ಡವರಿಗೆ ತೋರೀತು.

ಮಕ್ಕಳ ಅಭಿಪ್ರಾಯ ಬೇರೆ. ಗೋರೆಗಾಂವಿನ ನಮ್ಮ ಕಟ್ಟಡದ ಅಂಗಳದಲ್ಲಿ ಒಂದು ಸಂಜೆ ಆರು ವರ್ಷದ ಪೋರನೊಬ್ಬ ಬ್ಯಾಟು ಬೀಸಿದ. ಚೆಂಡು ನೇರವಾಗಿ ಒಬ್ಬನ ಕೈಗೆ ಹೋಯಿತು. “ಪರವಾಗಿಲ್ಲ, ನೀನು ಆಡು” ಎಂದರು ದೊಡ್ಡ ಹುಡುಗರು. ಪೋರನು ಬ್ಯಾಟನ್ನು ನೆಲಕ್ಕೆ ಬಡಿದು, “ಇಲ್ಲ, ನಾನು ಔಟ್! ನಾನು ಔಟ್!” ಎಂದು ಅಳತೊಡಗಿದ. ಔಟಾಗಲಿಲ್ಲವೆಂದು ಜಗಳವಾಡುವವರನ್ನು ನಾವು ಎಷ್ಟೋ ಕಂಡಿದ್ದೇವೆ. ತನ್ನನ್ನು ಔಟು ಮಾಡಲಿಲ್ಲವೆಂದು ಅತ್ತವನನ್ನು ಕಂಡದ್ದು ಅಂದೇ. ಅವನಿಗೆ ಬೇಕಾಗಿದ್ದುದು ಗೆಲುವಲ್ಲ, ಲೆಕ್ಕಕ್ಕೆ ಸೇರುವ ಮಾನ. ಸೋಲುವ ಹಕ್ಕು ಇಲ್ಲದವನಿಗೆ ಗೆಲ್ಲುವ ಹಕ್ಕೂ ಇಲ್ಲವೆಂಬ ತತ್ತ್ವ ಆ ತಲೆಗೆ ಹೇಗೋ ಹೊಳೆದಿತ್ತು.

ಈ ಅಂಗಳದ ಕಾನೂನುಗಳನ್ನು ಮಾಡಿದವರು ಮಕ್ಕಳೇ. ಒಂದು ಟಪ್ಪಾ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೂ ಔಟು. ಗೋಡೆ ದಾಟಿಸಿದವನು ಔಟು, ಚೆಂಡು ತರುವವನೂ ಅವನೇ. ಅಂಪೈರು ಬ್ಯಾಟು ಹಿಡಿದ ಪಕ್ಷದವನೇ ಆಗಿರುತ್ತಾನೆ. ಹೀಗಾಗಿ ದಿನಕ್ಕೆ ನಾಲ್ಕು ಕದನಗಳು ನಡೆಯುತ್ತವೆ. ಆದರೆ ಕತ್ತಲಾಗುವ ಮುನ್ನ ಇನ್ನೊಂದು ಆಟ ಮುಗಿಯಬೇಕಾದ್ದರಿಂದ ಎಲ್ಲ ಕದನವೂ ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ. ಸಂಜೆಗೆ ಮೂರು ಬಾರಿ ಸೋತವನು ಮರುದಿನ ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಾನೆ.

ಅದೇ ಮಕ್ಕಳನ್ನು ರವಿವಾರದ ಕ್ರೀಡಾಕೂಟವೊಂದರಲ್ಲಿ ನೋಡಬೇಕು. ಈಗ ಗೆರೆಯ ಆಚೆ ತಂದೆತಾಯಿಗಳು ನಿಂತಿದ್ದಾರೆ, ಫೋನು ಎತ್ತಿ ಚಿತ್ರ ಹಿಡಿಯುತ್ತಿದ್ದಾರೆ. ಲಿಂಬೆಹಣ್ಣು ಚಮಚದ ಓಟ. ಹುಡುಗಿಯೊಬ್ಬಳು ಎರಡನೆಯವಳಾಗಿ ಬಂದಳು. ಮುಖದಲ್ಲಿ ಇನ್ನೂ ನಗುವೇ ಇತ್ತು. ತಾಯಿ ಓಡಿಬಂದು, “ಬೇಜಾರು ಮಾಡಬೇಡ ಮಗಾ, ನೀನೇ ಫಸ್ಟು. ಅಲ್ಲಿ ನಿಂತವರಿಗೆ ಕಣ್ಣು ಕಾಣುವುದಿಲ್ಲ” ಎಂದರು. ಆಗ ಹುಡುಗಿ ಅತ್ತಳು. ಪ್ರೀತಿಯಿಂದ ಆಡಿದ ಮಾತೇ, ಸಂದೇಹವಿಲ್ಲ. ಆದರೆ ತನ್ನ ಕಾಲಿನಿಂದ ತಾನು ಸಂಪಾದಿಸಿದ ಎರಡನೆಯ ಸ್ಥಾನ ಆಕೆಯ ಕೈತಪ್ಪಿ, ಇತರರು ಮಾಡಿದ ಅನ್ಯಾಯವೊಂದು ಮಾತ್ರ ಉಳಿಯಿತು. ಮುಂದಿನ ವರ್ಷ ಆಕೆ ಓಟಕ್ಕೆ ಹೆಸರು ಕೊಡಲಿಲ್ಲ.

ಈ ರೋಗ ನಮ್ಮ ಹಿರಿಯರಿಗೂ ತಿಳಿದದ್ದೇ. ಕುಣಿಯಲಾರದವಳು ನೆಲ ಡೊಂಕೆಂದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದ. ಈ ಗಾದೆಗಳ ನಾಯಕನಾಯಕಿಯರು ದೊಡ್ಡವರು, ಮಕ್ಕಳಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಕೆಲವರ ಚಿಕಿತ್ಸೆ ಇದಕ್ಕೆ ತದ್ವಿರುದ್ಧ: ಓಡಿದವರಿಗೆಲ್ಲ ಪದಕ, ಯಾರಿಗೂ ದುಃಖವಿಲ್ಲ. ತೀರ ಚಿಕ್ಕ ಮಕ್ಕಳಿಗೆ ಇದು ಸರಿಯೇ. ಆದರೆ ಎಂಟು ಹತ್ತು ವರ್ಷದ ಮಗು ಮೊದಲು ಬಂದವರಾರೆಂದು ಪದಕ ನೋಡಿ ತಿಳಿಯಬೇಕಾಗಿಲ್ಲ. ಎಲ್ಲರನ್ನೂ ಗೆಲ್ಲಿಸುವುದೆಂದರೆ ಎಲ್ಲರನ್ನೂ ಕಚ್ಚಾ ಲಿಂಬು ಮಾಡಿದಂತೆಯೇ ಅಲ್ಲವೆ?

2016ರ ಜನವರಿಯಲ್ಲಿ ನಮ್ಮ ನೆರೆಯ ಕಲ್ಯಾಣದಲ್ಲಿ ನಡೆದ ಶಾಲಾ ಪಂದ್ಯವನ್ನು ನೆನೆಯೋಣ. ಪ್ರಣವ್ ಧನವಡೆ ಎಂಬ ಹುಡುಗ ಔಟಾಗದೆ 1009 ಓಟ ಹೊಡೆದು ಜಗತ್ತಿನಲ್ಲೆಲ್ಲ ಹೆಸರಾದ. ಆದರೆ ಆ ಚೆಂಡಿನ ಹಿಂದೆ ಓಡಿದ ಎದುರು ಶಾಲೆಯ ಹುಡುಗರು? ಮೊದಲ ಸರದಿಯಲ್ಲಿ ಅವರು 31ಕ್ಕೆ ಮುಗಿದಿದ್ದರು. ಎದುರಾಳಿಗಳು 3 ವಿಕೆಟ್ಟಿಗೆ 1465 ಓಟ ಪೇರಿಸುವವರೆಗೆ ಬಿಸಿಲಲ್ಲಿ ನಿಂತರು. ಅನಂತರ ಮತ್ತೆ ಬ್ಯಾಟು ಹಿಡಿದು ಬಂದು 52 ಓಟ ಮಾಡಿದರು. ಸೋಲನ್ನು ಅಷ್ಟು ಬೆಳೆಯಗೊಟ್ಟ ಹಿರಿಯರನ್ನು ನಾವು ಹೊಗಳಲಾರೆವು. ಆದರೆ ಆ 52 ಓಟ ನಮ್ಮ ದೃಷ್ಟಿಯಲ್ಲಿ ಸಣ್ಣದಲ್ಲ.

ದೊಡ್ಡವರಲ್ಲಿಯೂ ಮೇಲ್ಪಂಕ್ತಿ ಇಲ್ಲದಿಲ್ಲ. ಗೋರೆಗಾಂವಿನಿಂದ ಗಾಡಿ ಹತ್ತಿ ಚರ್ಚ್‌ಗೇಟಿನಲ್ಲಿ ಇಳಿದರೆ ವಾಂಖೆಡೆ ಮೈದಾನ ಕಾಲ್ನಡಿಗೆಯ ದೂರ. 1980ರ ಫೆಬ್ರವರಿಯಲ್ಲಿ ಅಲ್ಲಿ ಇಂಗ್ಲೆಂಡಿನೊಡನೆ ಟೆಸ್ಟು ನಡೆಯಿತು. ನಮ್ಮ ನಾಯಕ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡು ಐದು ವಿಕೆಟು ಕಳೆದುಕೊಂಡು ತತ್ತರಿಸುತ್ತಿದ್ದಾಗ ಬಾಬ್ ಟೇಲರ್ ಔಟೆಂದು ಅಂಪೈರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ಮನಗಂಡ ವಿಶ್ವನಾಥ್ ಅಂಪೈರರನ್ನು ಕೇಳಿಕೊಂಡು ಟೇಲರರನ್ನು ಮರಳಿ ಕರೆಸಿದರು. ಟೇಲರ್, ಬಾಥಮ್ ಇಬ್ಬರೂ ಸೇರಿ 171 ಓಟ ಕೂಡಿಸಿದರು. ಭಾರತ 10 ವಿಕೆಟುಗಳಿಂದ ಸೋತಿತು. ಸತ್ಯಕ್ಕೆ ಬಹುಮಾನವಾಗಿ ಗೆಲುವು ಬಂತೆಂದು ಮಕ್ಕಳಿಗೆ ಕತೆ ಕಟ್ಟಿ ಹೇಳುವಂತಿಲ್ಲ. ಸತ್ಯಕ್ಕೆ ಬೆಲೆ ತೆರಬೇಕಾಯಿತು, ತೆತ್ತರು ಎಂದೇ ಹೇಳಬೇಕು. ಅದನ್ನು ಕೇಳುವ ಶಕ್ತಿ ಮಕ್ಕಳಿಗಿದೆ.

ಹಾಗಾದರೆ ಸೋತು ಬಂದ ಮಗುವಿಗೆ ಏನು ಹೇಳಬೇಕು? ಹೆಚ್ಚೇನೂ ಬೇಡ. ಕೈಕಾಲು ತೊಳೆಯಲು ನೀರು, ತಿನ್ನಲು ಏನಾದರೂ. ಅಳು ಬಂದರೆ ಅಳಲಿ. ಬಳಿಕ ಬಾಗಿಲಲ್ಲಿ “ಗೆದ್ದೆಯಾ?” ಎನ್ನುವ ಬದಲು “ಆಟ ಹೇಗಾಯಿತು?” ಎಂದು ಕೇಳಿದರೆ ಸಾಕು. ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ. ಎರಡನೆಯದಕ್ಕೆ ಊಟ ಮುಗಿಯುವವರೆಗೂ ಉತ್ತರ ಬರುತ್ತಿರುತ್ತದೆ.