ಬಿಚ್ಚಬಾರದೆಂದ ಪೆಟ್ಟಿಗೆ

ಅಮೆರಿಕದಲ್ಲಿ ಮನೆ ಕೊಂಡವರಿಗೆ ಗೋಡೆ, ಮಾಡುಗಳ ಜೊತೆಗೆ ಹುಲ್ಲಿನ ಜವಾಬ್ದಾರಿಯೂ ಬರುತ್ತದೆ ಎಂಬುದು ನಮಗೆ ಮೊದಲು ಗೊತ್ತಿರಲಿಲ್ಲ. ನಾವು ಗಂಡ ಹೆಂಡತಿ ಓಹಾಯೊ ರಾಜ್ಯದ ಸಿನ್ಸಿನಾಟಿ ನಗರದ ಹೊರವಲಯದಲ್ಲಿ ಮನೆ ಮಾಡಿ ಹತ್ತು ವರ್ಷ ಕಳೆಯಿತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಹುಲ್ಲು ಬೆಳೆಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಕತ್ತರಿಸಬೇಕು. ಬೆಳೆಯಲು ಬಿಟ್ಟರೆ ಸ್ಥಳೀಯ ಆಡಳಿತದಿಂದ ನೋಟೀಸು ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಅವರೇ ಜನ ಕಳುಹಿಸಿ ಕತ್ತರಿಸಿ, ಅದರ ಬಿಲ್ಲನ್ನು ಮನೆಯವರ ಮೇಲೆ ಹಾಕುತ್ತಾರೆ. ಊರಿನಲ್ಲಿ ದನಕ್ಕೆ ಹಸಿಹುಲ್ಲು ತರಲು ಗುಡ್ಡೆ ಹತ್ತುತ್ತಿದ್ದ ನಮಗೆ, ಯಾವ ದನವೂ ತಿನ್ನದ ಹುಲ್ಲಿಗಾಗಿ ಇಷ್ಟೊಂದು ಪೆಟ್ರೋಲು ಸುಡುವುದನ್ನು ಕಂಡು ಮೊದಮೊದಲು ನಗು ಬರುತ್ತಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ಸಮೀಪಿಸಿದ್ದ ಒಬ್ಬ ಹಿರಿಯ ಮಹಿಳೆ ಒಬ್ಬರೇ ಇದ್ದರು. ನಾವು ಮನೆಯೊಳಗೆ ಅವರನ್ನು 'ಅಜ್ಜಿ' ಎಂದೇ ಕರೆಯುತ್ತಿದ್ದೆವು. ಅವರದು ಒಂದು ಎಕರೆಯಷ್ಟು ಹಿತ್ತಿಲು. ಹಿಂಬದಿ ಇಳಿಜಾರಾಗಿ ಒಂದು ತೋಡಿಗೆ ಮುಟ್ಟುತ್ತದೆ. ಗಂಡ 2017ರಲ್ಲಿ ತೀರಿಕೊಂಡ ಮೇಲೂ ಅಜ್ಜಿ, ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದಲ್ಲಿ ಪ್ರತಿ ಶನಿವಾರ ತಾವೇ ಹಿತ್ತಿಲು ಸುತ್ತುತ್ತಿದ್ದರು. ನಮಗೂ ಅವರಿಗೂ ಇದ್ದ ಸಂಬಂಧ, ಬೇಲಿಯಾಚೆಯಿಂದ ಕೈ ಬೀಸುವಷ್ಟೇ.

2021ರ ಬೇಸಿಗೆಯಲ್ಲಿ ಆ ಯಂತ್ರ ಇಳಿಜಾರಿನ ಮಧ್ಯದಲ್ಲಿ ನಿಂತುಬಿಟ್ಟಿತು. ಎಂಜಿನು ಓಡುತ್ತಿದೆ, ಬ್ಲೇಡು ತಿರುಗುತ್ತಿದೆ, ಗಾಡಿ ಮಾತ್ರ ಮೇಲೆ ಬರುತ್ತಿಲ್ಲ. ನಾವಿಬ್ಬರೂ ಹೋಗಿ ತಳ್ಳಿ ಮೇಲೆ ತಂದೆವು. ಮಾರನೆಯ ದಿನ ಬೆಳಿಗ್ಗೆ ಅದು ಏನೂ ಆಗದಂತೆ ಓಡಿತು. ಅರ್ಧ ಗಂಟೆ ಬಿಸಿಯಾದ ಮೇಲೆ ಪುನಃ ಅದೇ ಕತೆ. ರಿಪೇರಿ ಅಂಗಡಿಯವರು ಬಂದು ನೋಡಿ, "ಟ್ರಾನ್ಸ್‌ಮಿಷನ್ ಹೋಗಿದೆ. ಅದನ್ನು ಬಿಚ್ಚುವಂತಿಲ್ಲ, ಹೊಸತೇ ಹಾಕಬೇಕು. ಕೂಲಿ ಸೇರಿ ಸಾವಿರ ಡಾಲರಿಗೆ ಮೇಲಾಗುತ್ತದೆ. ಈ ಹಳೇ ಗಾಡಿಗೆ ಅಷ್ಟು ಬೆಲೆಯೇ ಇಲ್ಲ" ಎಂದು ಹೇಳಿ ಹೋದರು.

ಅಜ್ಜಿಗೆ ಅದು ಬರೀ ಗಾಡಿಯ ಪ್ರಶ್ನೆಯಾಗಿರಲಿಲ್ಲ. ಬೇರೆ ರಾಜ್ಯದಲ್ಲಿದ್ದ ಮಗ, ಮನೆ ಮಾರಿ ವೃದ್ಧರ ವಸತಿಗೆ ಸೇರಿಕೊಳ್ಳುವಂತೆ ವರ್ಷಗಳಿಂದ ಒತ್ತಾಯಿಸುತ್ತಿದ್ದರಂತೆ. ನನ್ನ ಹುಲ್ಲನ್ನು ನಾನೇ ಕತ್ತರಿಸುವಷ್ಟು ದಿನ ಇಲ್ಲೇ ಇರುತ್ತೇನೆ ಎಂದು ಅಜ್ಜಿ ಮಗನಿಗೆ ಮಾತು ಕೊಟ್ಟಿದ್ದರು. ಅದನ್ನು ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ, ಗಾಡಿಯನ್ನು ನೋಡುತ್ತಿದ್ದರು. "ಚಳಿಗಾಲದಲ್ಲಿ ಇದನ್ನು ನಮ್ಮ ಗ್ಯಾರೇಜಿನಲ್ಲಿ ಇಡಿ, ನಾವೊಮ್ಮೆ ಬಿಚ್ಚಿ ನೋಡುತ್ತೇವೆ" ಎಂಬ ಮಾತು ನಮ್ಮ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ನಾವಿಬ್ಬರೂ ಮೆಕ್ಯಾನಿಕ್‌ಗಳಲ್ಲ. ಆದರೆ ನಮ್ಮಲ್ಲೊಬ್ಬರ ತಂದೆಯವರು ಪುತ್ತೂರಿನಲ್ಲಿ ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವರು. ಅಡಿಕೆ ತೋಟದವರು ಹೊತ್ತು ತಂದ ಪಂಪುಗಳ ನಡುವೆಯೇ ಬೆಳೆದ ಧೈರ್ಯ ಅದಾಗಿರಬೇಕು.

ಈ ಪೆಟ್ಟಿಗೆಗೆ ಹೈಡ್ರೋಸ್ಟಾಟಿಕ್ ಟ್ರಾನ್ಸ್‌ಮಿಷನ್ ಎಂದು ಹೆಸರು. ದೊಡ್ಡ ಹೆಸರಾದರೂ ಒಳಗಿನ ಉಪಾಯ ಸರಳ. ಕಾರಿನಲ್ಲಿರುವಂತೆ ಇಲ್ಲಿ ಕ್ಲಚ್ಚಿಲ್ಲ, ಗೇರು ಬದಲಿಸುವುದೂ ಇಲ್ಲ. ಎಂಜಿನು ಬೆಲ್ಟಿನ ಮೂಲಕ ಒಂದು ಪಂಪನ್ನು ತಿರುಗಿಸುತ್ತದೆ. ಪಂಪೆಂದರೆ ಸುತ್ತಲೂ ತೂತುಗಳಿರುವ ಉಕ್ಕಿನ ದಿಂಡು. ಪ್ರತಿ ತೂತಿನಲ್ಲೂ ಒಂದು ಪಿಸ್ಟನ್, ಅದರ ಹಿಂದೆ ಸ್ಪ್ರಿಂಗು. ಪಿಸ್ಟನ್‌ಗಳ ತಲೆ ಒಂದು ತಟ್ಟೆಗೆ ಒರಗಿಕೊಂಡು ಸುತ್ತುತ್ತದೆ. ತಟ್ಟೆ ಸಮನಾಗಿದ್ದರೆ ಪಿಸ್ಟನ್‌ಗಳು ಹಿಂದೆ ಮುಂದೆ ಅಲುಗುವುದಿಲ್ಲ, ಗಾಡಿ ನಿಂತೇ ಇರುತ್ತದೆ. ಕಾಲಿನಿಂದ ಪೆಡಲು ಒತ್ತಿದಾಗ ತಟ್ಟೆ ಓರೆಯಾಗಿ, ಪಿಸ್ಟನ್‌ಗಳು ಎಣ್ಣೆಯನ್ನು ಎಳೆದು ನೂಕತೊಡಗುತ್ತವೆ. ಆ ಎಣ್ಣೆ ಎದುರಿನ ಮೋಟಾರಿನೊಳಗೆ ನುಗ್ಗಿ ಅಲ್ಲಿನ ಪಿಸ್ಟನ್‌ಗಳನ್ನು ತಳ್ಳುತ್ತದೆ, ಮೋಟಾರು ಗೇರುಗಳನ್ನೂ ಚಕ್ರವನ್ನೂ ತಿರುಗಿಸುತ್ತದೆ. ತಟ್ಟೆ ಹೆಚ್ಚು ಓರೆಯಾದಷ್ಟೂ ವೇಗ ಹೆಚ್ಚು. ಆಚೆ ಕಡೆಗೆ ಓರೆಯಾದರೆ ಗಾಡಿ ಹಿಮ್ಮುಖ. ಒಂದು ಕಡೆ ಒತ್ತಿದ ದ್ರವ ಎಲ್ಲ ಕಡೆಗೂ ಅದೇ ಒತ್ತಡ ದಾಟಿಸುತ್ತದೆ ಎಂದು ಫ್ರಾನ್ಸಿನ ಪಾಸ್ಕಲ್ 17ನೇ ಶತಮಾನದಲ್ಲಿ ತೋರಿಸಿಕೊಟ್ಟಿದ್ದ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಅದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. 1960ರ ದಶಕದಲ್ಲಿ ಅಮೆರಿಕದ ಹಿತ್ತಿಲಿನ ಪುಟ್ಟ ಟ್ರ್ಯಾಕ್ಟರುಗಳಿಗೂ ಅದು ಇಳಿದು ಬಂತು.

ಇದರ ಪ್ರಾಣವಿರುವುದು ಎಣ್ಣೆಯಲ್ಲಿ. ಸುತ್ತುವ ದಿಂಡು ಮತ್ತು ಅದು ಒರಗುವ ಲೋಹದ ಮುಖದ ನಡುವೆ ಕೂದಲೆಳೆಗಿಂತಲೂ ಎಷ್ಟೋ ತೆಳ್ಳಗಿನ ಎಣ್ಣೆಯ ಪದರ ಇರುತ್ತದೆ. ಆ ಮುಖದಲ್ಲಿ ಗೀರು ಬಿದ್ದರೆ ಒತ್ತಡದ ಎಣ್ಣೆ ಅಲ್ಲೇ ಸೋರಿಹೋಗುತ್ತದೆ. ತಣ್ಣಗಿರುವಾಗ ಎಣ್ಣೆ ದಪ್ಪವಿರುವುದರಿಂದ ಸೋರಿಕೆ ಕಡಿಮೆ, ಬಿಸಿಯಾಗಿ ತೆಳ್ಳಗಾದಾಗ ಹೆಚ್ಚು. ಬೆಳಿಗ್ಗೆ ಓಡಿದ ಗಾಡಿ ಅರ್ಧ ಗಂಟೆಯ ನಂತರ ಏರು ಹತ್ತದಿರುವುದರ ಗುಟ್ಟು ಇದು.

ಪೆಟ್ಟಿಗೆ ಬಿಚ್ಚುವ ಮೊದಲು ಹೊರಗಿನ ಕಾರಣಗಳನ್ನೆಲ್ಲ ನೋಡಬೇಕು ಎಂದು ಪುತ್ತೂರಿನಿಂದ ತಂದೆಯವರು ಫೋನಿನಲ್ಲಿ ಹೇಳಿದರು. "ಪಂಪ್‌ಸೆಟ್ ಹಾಳಾಗಿದೆ ಅಂತ ತಂದವರಲ್ಲಿ ಅರ್ಧ ಜನರದ್ದು ಪಂಪು ಸರಿಯಾಗಿಯೇ ಇರ್ತಿತ್ತು ಮಗಾ, ಬೆಲ್ಟೋ ಫುಟ್‌ವಾಲ್ವೋ ಹೋಗಿರ್ತಿತ್ತು" ಎಂದರು. ಅವರ ಮಾತಿನಂತೆ ನೋಡಿದೆವು. ಬೆಲ್ಟು ಸವೆದು ಜಾರುತ್ತಿತ್ತು. ಪೆಟ್ಟಿಗೆಯ ಮೇಲಿನ ತಂಪು ಮಾಡುವ ಫ್ಯಾನಿನ ಎರಡು ಎಸಳು ಮುರಿದಿದ್ದವು. ಬಿಸಿ ಹೊರಹೋಗಬೇಕಾದ ಪಟ್ಟಿಗಳ ಸಂದಿಯಲ್ಲಿ ಒಣಹುಲ್ಲು ಗಟ್ಟಿಯಾಗಿ ಕೂತು, ಪೆಟ್ಟಿಗೆಗೆ ಕಂಬಳಿ ಹೊದಿಸಿದಂತಾಗಿತ್ತು. ಇವನ್ನೆಲ್ಲ ಸರಿಮಾಡಿದಾಗ ಗಾಡಿ ಸ್ವಲ್ಪ ಸುಧಾರಿಸಿತು. ಆದರೆ ಏರು ಹತ್ತಲಿಲ್ಲ. ಒಳಗೆ ನೋಡದೆ ಬೇರೆ ದಾರಿಯಿರಲಿಲ್ಲ.

2022ರ ಫೆಬ್ರವರಿಯಲ್ಲಿ, ಹೊರಗೆ ಹಿಮ ಬೀಳುತ್ತಿದ್ದಾಗ, ಗಾಡಿಯ ಹಿಂಭಾಗವನ್ನು ಜಾಕಿಯಲ್ಲಿ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ತುಕ್ಕು ಹಿಡಿದ ಚಕ್ರಗಳನ್ನು ಆಕ್ಸಲ್‌ನಿಂದ ಬಿಡಿಸುವುದಕ್ಕೇ ಎರಡು ದಿನ ಹಿಡಿಯಿತು. ಪೆಟ್ಟಿಗೆಯನ್ನು ಹೊರಗೆ ತೆಗೆದು ಚೆನ್ನಾಗಿ ತೊಳೆದೆವು, ಯಾಕೆಂದರೆ ಹೊರಗಿನ ಒಂದು ಮರಳಿನ ಕಣ ಒಳಗೆ ಬಿದ್ದರೂ ಕೆಲಸ ಕೆಡುತ್ತದೆ. ಬೋಲ್ಟುಗಳನ್ನು ತೆಗೆದ ಮೇಲೂ ಎರಡು ಹೋಳುಗಳು ಅಂಟಿನ ಗ್ಯಾಸ್ಕೆಟ್ಟಿನಿಂದ ಕಚ್ಚಿಕೊಂಡಿದ್ದವು. ಮರದ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಹೋದಾಗ ಕೊನೆಗೊಮ್ಮೆ ಬಾಯಿ ಬಿಟ್ಟಿತು.

ಜೇನಿನ ಬಣ್ಣದಲ್ಲಿರಬೇಕಾದ ಎಣ್ಣೆ ಕಪ್ಪಾಗಿತ್ತು. ಟಾರ್ಚು ಹಿಡಿದರೆ ಬೆಳ್ಳಿಯ ಹುಡಿ ಕಲಸಿದಂತೆ ಮಿನುಗುತ್ತಿತ್ತು. ತಳದಲ್ಲಿರುವ ಆಯಸ್ಕಾಂತಕ್ಕೆ, ಮಾವಿನ ಗೊರಟಿಗೆ ನಾರಿರುವಂತೆ, ಉಕ್ಕಿನ ಹುಡಿ ಮೆತ್ತಿಕೊಂಡಿತ್ತು. ಗೇರು ಮುಳುಗುವ ಎಣ್ಣೆಯೇ ಪಂಪಿಗೂ ಹೋಗುತ್ತದೆ. ಗೇರುಗಳು ಸವೆದು ಬಿದ್ದ ಹುಡಿಯನ್ನು ಒಳಗಿನ ಪುಟ್ಟ ಫಿಲ್ಟರು ಎಷ್ಟು ತಡೆದೀತು? ದಿಂಡಿನ ಮುಖದಲ್ಲಿ, ಹಳೇ ಗ್ರಾಮಫೋನು ತಟ್ಟೆಯಂತೆ, ಸುತ್ತು ಸುತ್ತು ಗೀರುಗಳಿದ್ದವು.

ಆ ರಾತ್ರಿ ಅಜ್ಜಿ ತಮ್ಮ ಗಂಡನ ನೋಟ್‌ಪುಸ್ತಕ ತಂದು ತೋರಿಸಿದರು. ಅವರು ಕಾರ್ಖಾನೆಯಲ್ಲಿ ದುಡಿದ ಶಿಸ್ತಿನ ಮನುಷ್ಯ. ಎಂಜಿನ್ ಆಯಿಲ್ ಬದಲಿಸಿದ ದಿನ, ಬ್ಲೇಡು ಹರಿತ ಮಾಡಿದ ದಿನ, ಬ್ಯಾಟರಿ ಹಾಕಿದ ದಿನ, ಎಲ್ಲವೂ ಅಚ್ಚುಕಟ್ಟಾದ ಅಕ್ಷರಗಳಲ್ಲಿದ್ದವು. ಟ್ರಾನ್ಸ್‌ಮಿಷನ್ ಎಂದು ಬರೆದಿದ್ದ ಪುಟ ಮಾತ್ರ ಖಾಲಿ. ಅದಕ್ಕೆ ಯಾವ ಆರೈಕೆಯೂ ಬೇಡವೆಂದು ಗಾಡಿಯ ಜೊತೆ ಬಂದ ಕೈಪಿಡಿಯೇ ಹೇಳಿತ್ತು. ಎಣ್ಣೆ ಇಳಿಸಲು ಒಂದು ಬಿರಡೆ ಕೂಡ ಅದಕ್ಕಿರಲಿಲ್ಲ. ಇಡೀ ಪೆಟ್ಟಿಗೆಯನ್ನು ಕಳಚಿ ಬೋರಲು ಹಾಕಿದರೆ ಮಾತ್ರ ಎಣ್ಣೆ ಹೊರಬರುತ್ತದೆ. ಆರೈಕೆ ಬೇಡ ಎಂದರೆ ಸವೆಯುವುದಿಲ್ಲ ಎಂದಲ್ಲ, ಸವೆಯುವುದನ್ನು ಯಾರೂ ನೋಡುವುದಿಲ್ಲ ಎಂದಷ್ಟೇ ಅರ್ಥ ಎಂಬುದು ನಮಗೆ ಆಗ ಹೊಳೆಯಿತು.

'ಬಿಚ್ಚುವಂತಿಲ್ಲ' ಎಂದ ಪೆಟ್ಟಿಗೆಯ ಬಿಡಿಭಾಗಗಳು ಹುಡುಕಿದರೆ ಸಿಗುತ್ತವೆ. ಪಂಪು, ಮೋಟಾರುಗಳ ದಿಂಡು, ಅವು ಕೂರುವ ನಡುಭಾಗ, ಹೊಸ ಫಿಲ್ಟರು, ಸೀಲುಗಳು ಎಲ್ಲ ಸೇರಿ ಇನ್ನೂರು ಚಿಲ್ಲರೆ ಡಾಲರು ಬಿತ್ತು. ಫೋನಿನಲ್ಲಿ ತಂದೆಯವರ ಪಾಠ ಮುಂದುವರಿಯಿತು. ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಒರೆಸಲು ವೇಸ್ಟ್ ಬಳಸಬೇಡಿ, ಅದರ ನಾರು ಒಳಗುಳಿದೀತು. ನಾರು ಬಿಡದ ಬಟ್ಟೆಯೇ ಬೇಕು. ಜೋಡಿಸುವಾಗ ಪ್ರತಿ ಭಾಗಕ್ಕೂ ಹೊಸ ಎಣ್ಣೆ ಸವರಿ. ಗ್ಯಾಸ್ಕೆಟ್ಟಿನ ಅಂಟು ತೆಳುವಾಗಿರಲಿ, ಹೆಚ್ಚಾಗಿ ಒಳಗೆ ಹಿಂಡಿದರೆ ಫಿಲ್ಟರು ಕಟ್ಟೀತು. ಬೋಲ್ಟುಗಳನ್ನು ಒಂದೇ ಕಡೆಯಿಂದ ಬಿಗಿಯದೆ, ಎದುರುಬದುರಾಗಿ ಬಿಗಿಯುತ್ತಾ ಬನ್ನಿ. ಅಂಟು ಒಣಗಲೆಂದು ಒಂದು ರಾತ್ರಿ ಬಿಟ್ಟು, ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಸುಮಾರು ಎರಡು ಲೀಟರ್ ತುಂಬಿಸಿ, ಪೆಟ್ಟಿಗೆಯನ್ನು ಗಾಡಿಗೆ ಕೂರಿಸಿದೆವು.

ಎಂಜಿನು ಚಾಲೂ ಮಾಡಿ ಪೆಡಲು ಒತ್ತಿದರೆ ಗಾಡಿ ಅಲುಗಲೇ ಇಲ್ಲ. ಮೊದಲು ಅರ್ಧ ಗಂಟೆಯಾದರೂ ಓಡುತ್ತಿದ್ದ ಗಾಡಿ ಈಗ ಒಂದು ಅಂಗುಲವೂ ಹೋಗುತ್ತಿಲ್ಲ. ಕಿಟಕಿಯಿಂದ ಅಜ್ಜಿ ನೋಡುತ್ತಿದ್ದರು. ಇದ್ದದ್ದನ್ನೂ ಕೆಡಿಸಿದೆವಲ್ಲ ಎಂದು ನಾಚಿಕೆಯಾಗಿ, ಒಳಗೆ ಬಂದು ಪರಸ್ಪರ ಮಾತಾಡದೆ ಊಟ ಮಾಡಿದೆವು. ಊರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಫೋನು ಮಾಡಿದಾಗ ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: "ಗಾಳಿ ತೆಗೆದಿರಾ?"

ತೋಟದ ಪಂಪಿಗೆ ನೀರು ತುಂಬಿಸಿ ಗಾಳಿ ಹೊರಹಾಕದೆ ಸ್ವಿಚ್ಚು ಒತ್ತಿದರೆ ಒಂದು ಹನಿ ನೀರೂ ಮೇಲೆ ಬರುವುದಿಲ್ಲ. ನಮ್ಮೂರ ಮಕ್ಕಳಿಗೂ ಗೊತ್ತಿರುವ ಸಂಗತಿ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಳಗೆ ಗಾಳಿ ಇರುವವರೆಗೆ ಪಿಸ್ಟನ್‌ಗಳು ಗಾಳಿಯನ್ನೇ ಹಿಸುಕುತ್ತಾ ಕೂರುತ್ತವೆ. ಮಾರನೆಯ ದಿನ ಹಿಂದಿನ ಚಕ್ರಗಳು ನೆಲ ಮುಟ್ಟದಂತೆ ಎತ್ತಿ ನಿಲ್ಲಿಸಿ, ಗಾಡಿಯನ್ನು ತಳ್ಳಿಕೊಂಡು ಹೋಗುವಾಗ ಎಳೆಯುವ ಬೈಪಾಸ್ ಸರಳನ್ನು ಎಳೆದು, ಎಂಜಿನನ್ನು ನಿಧಾನಕ್ಕೆ ಓಡಿಸಿ, ಪೆಡಲನ್ನು ಮುಂದಕ್ಕೆ ಐದು ಸೆಕೆಂಡು, ಹಿಂದಕ್ಕೆ ಐದು ಸೆಕೆಂಡು ಎಂದು ಹಲವು ಸಲ ಒತ್ತಿದೆವು. ಆಮೇಲೆ ಸರಳು ಮುಚ್ಚಿ ಪುನಃ ಅದನ್ನೇ ಮಾಡಿದೆವು. ಎಣ್ಣೆಯ ಮಟ್ಟ ಇಳಿದಿತ್ತು, ತುಂಬಿಸಿದೆವು. ಚಕ್ರ ಮೊದಲು ಮಿಡುಕಿತು, ಆಮೇಲೆ ತಿರುಗಿತು. ನೆಲಕ್ಕಿಳಿಸಿದಾಗ ಗಾಡಿ ಮುಂದೆ ಸಾಗಿತು. ಏಪ್ರಿಲಿನಲ್ಲಿ ಮೊದಲ ಹುಲ್ಲು ಬಂದಾಗ ಅಜ್ಜಿ ಒಂದು ಗಂಟೆ ಸುತ್ತಿದ ಮೇಲೂ ಏರು ಹತ್ತಿ ಮೇಲೆ ಬಂದರು.

ಈಗ ಪ್ರತಿ ಬಾರಿ ಹುಲ್ಲು ಕತ್ತರಿಸಿದ ನಂತರ ಫ್ಯಾನು ಮತ್ತು ಪಟ್ಟಿಗಳ ಸಂದಿಯ ಹುಲ್ಲನ್ನು ತೆಗೆಯುತ್ತೇವೆ. ಮೂರು ವರ್ಷಕ್ಕೊಮ್ಮೆ ಪೆಟ್ಟಿಗೆ ಇಳಿಸಿ ಎಣ್ಣೆ ಬದಲಿಸುವುದೆಂದು ನಿಶ್ಚಯಿಸಿ, 2025ರ ಚಳಿಗಾಲದಲ್ಲಿ ಒಮ್ಮೆ ಬದಲಿಸಿಯೂ ಆಯಿತು. ಗಾಡಿ ಹೊಸದರಂತೆ ಆಗಿದೆ ಎಂದು ಹೇಳಲಾರೆವು. ಗೇರುಗಳು ಹಳೆಯವೇ. ತೋಡಿನ ಪಕ್ಕದ ಕಡಿದಾದ ಜಾಗಕ್ಕೆ ಅಜ್ಜಿ ಹೋಗದಂತೆ ಒಪ್ಪಿಸಿದ್ದೇವೆ. ಅಂಥ ಕಡೆ ಗಾಡಿ ಮಗುಚಿ ಪ್ರಾಣ ಹೋಗುವುದುಂಟು. ಅಷ್ಟನ್ನು ನಾವು ಕೈಯಂತ್ರದಲ್ಲಿ ಕತ್ತರಿಸಿಕೊಡುತ್ತೇವೆ. ಮಗ ಮನೆ ಮಾರುವ ಮಾತನ್ನು ಸದ್ಯಕ್ಕೆ ಬಿಟ್ಟಿದ್ದಾರೆ.

ತಮ್ಮ ಯಂತ್ರವನ್ನು ತಾವೇ ದುರಸ್ತಿ ಮಾಡಿಕೊಳ್ಳುವುದು ಹಕ್ಕಾಗಬೇಕು ಎಂಬ ಕೂಗು ಈಗ ಎಲ್ಲೆಡೆ ಕೇಳುತ್ತಿದೆ. ಕೊಲೊರಾಡೊ ರಾಜ್ಯ 2023ರಲ್ಲಿ ರೈತರ ಯಂತ್ರಗಳಿಗೆ ಅನ್ವಯಿಸುವ ಅಂಥ ಕಾನೂನು ಮಾಡಿತು. ಭಾರತ ಸರಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಹಕ್ಕಿದ್ದರೆ ಸಾಲದು, ಕೈಗೆ ಕೆಲಸವೂ ಗೊತ್ತಿರಬೇಕು. ಪುತ್ತೂರಿನ ಅಂಗಡಿಗೆ ಈಗ ಬರುವವರು ಕಡಿಮೆ, ಹೊಸತೇ ತೆಗೆದುಕೊಳ್ಳುತ್ತೇವೆ ಎನ್ನುವವರೇ ಹೆಚ್ಚು ಎಂದು ತಂದೆಯವರು ಹೇಳುತ್ತಾರೆ. ಅವರಿಗೆ ಗೊತ್ತಿದ್ದ ಒಂದೇ ಒಂದು ಪ್ರಶ್ನೆ ಇಲ್ಲದಿದ್ದರೆ, ಸರಿಯಾಗಿದ್ದ ಯಂತ್ರವನ್ನು ನಾವೇ ಗುಜರಿಗೆ ಕೊಡುತ್ತಿದ್ದೆವು.

ಗಾಡಿ ಸರಿಹೋದ ದಿನ ಸಂಜೆ ಅಜ್ಜಿ ಆ ನೋಟ್‌ಪುಸ್ತಕದ ಖಾಲಿ ಪುಟ ತೆರೆದು, ತಾರೀಕು ಹಾಕಿ, ಎಣ್ಣೆ ಬದಲಾಯಿಸಲಾಗಿದೆ ಎಂದು ಬರೆದರು. ಯಾರು ಮಾಡಿದ್ದು ಎಂದೂ ಬರೆಯಬೇಕಿತ್ತು. ಪೆನ್ನು ನಿಲ್ಲಿಸಿ, ನಮ್ಮ ಹೆಸರುಗಳನ್ನು ಹೇಗೆ ಬರೆಯುವುದೆಂದು ಕೇಳಿದರು. ಆರು ವರ್ಷ ಪಕ್ಕದಲ್ಲಿದ್ದೂ ಅವರ ಹೆಸರು ನಮಗೆ ಸರಿಯಾಗಿ ಗೊತ್ತಿರಲಿಲ್ಲ, ನಮ್ಮದು ಅವರಿಗೂ ಗೊತ್ತಿರಲಿಲ್ಲ. ಒಂದೊಂದೇ ಅಕ್ಷರ ಹೇಳಿದೆವು. ಅವರು ನಿಧಾನವಾಗಿ ಬರೆದುಕೊಂಡರು.