ಸರಕಾರದ್ದಲ್ಲ, ನಮ್ಮದು

ನಮ್ಮ ಓಣ್ಯಾಗ ಈಗ ಮನಿಗೊಂದು ಬಿಳಿ ಕಾರು ನಿಂತಾವ. ನಮ್ಮ ಮನಿ ಮುಂದ ಮಾತ್ರ ಹಳೇ ಡೀಸೆಲ್ ಜೀಪ್ ಐತಿ, ಮಹೀಂದ್ರಾ ಎಂಎಂ 540. ಮುಂಜಾನೆ ಚಾಲೂ ಮಾಡಿದ್ರ ಬಾಜೂಮನಿ ಕಾಕು, "ಎದ್ದಿತೇನವಾ ನಿಮ್ಮೆಮ್ಮಿ?" ಅಂತ ಕೇಳತಾರ. ಖರೇನ ಐತ್ರಿ, ಎಮ್ಮಿಗೆ ಮಾಡಿದಷ್ಟ ಚಾಕರಿ ಇದಕ್ಕೂ ಮಾಡಬೇಕು. "ಐವತ್ತು ದಾಟಿದ ಹೆಣ್ಮಗಳಿಗೆ ಜೀಪ್ ಯಾಕ ಬೇಕಿತ್ತು?" ಅಂತ ಭಾಳ ಮಂದಿ ಕೇಳ್ಯಾರ. ಒಮ್ಮೆ ಬರದೇ ಬಿಡೂಣು ಅಂತ ಕುಂತೀನಿ.

ಆಲಮಟ್ಟಿ ಆಣೆಕಟ್ಟಿಗೆ 1964ರಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ರು. ಮುಂದ ಕೆಲಸ ಹತ್ತಿದ ಮ್ಯಾಲ ನಮ್ಮಪ್ಪ ಅಲ್ಲಿ ಜೀಪ್ ಡ್ರೈವರ್ ಆಗಿ ಸೇರಿದ. ನಾನು ಬೆಳದದ್ದು ಕ್ಯಾಂಪಿನ ಕ್ವಾರ್ಟರ್ಸಿನಾಗ. ಸಾಹೇಬ್ರನ್ನ ಕುಂದರಿಸಿಕೊಂಡು ಅಪ್ಪ ಮುಳುಗಡಿ ಊರೂರು ಅಡ್ಡಾಡತಿದ್ದ. ಮುಂದ ನೀರಾಗ ಹೋದ ಹಳೇ ಕೊಲ್ಹಾರದ ಓಣಿ ಓಣಿ ಅವಗ ಗೊತ್ತಿತ್ತು. ಆದ್ರ ಆ ಜೀಪಿನಾಗ ನಮ್ಮನ್ನ ಒಂದ ದಿನಾನೂ ಹತ್ತಿಸಿಕೊಳ್ಳಲಿಲ್ಲ. "ಸರಕಾರದ್ದದು, ನಮ್ಮದಲ್ಲ" ಅಷ್ಟ ಮಾತು. ನನಗ ಎಂಟು ವರ್ಷಿದ್ದಾಗ ಒಂದು ರಾತ್ರಿ ಜ್ವರ ನೆತ್ತಿಗೇರಿತ್ತು. ಅವ್ವ ಅತ್ತಳು. ಜೀಪ್ ಬಾಗಲಮುಂದ ನಿಂತಿತ್ತು. ಅಪ್ಪ ನನ್ನ ಸೈಕಲ್ ಮ್ಯಾಲ ಕುಂದರಿಸಿಕೊಂಡು ದವಾಖಾನಿಗೆ ಒಯ್ದ. ಆ ಸಿಟ್ಟು ನನಗ ಭಾಳ ವರ್ಷ ಇತ್ತು.

2022ರಾಗ ತವರಮನಿ ಹೊಲ ಅಣ್ಣತಮ್ಮಂದಿರು ಹಂಚಿಕೊಂಡ್ರು. 2005ರ ಕಾಯ್ದೆ ಪ್ರಕಾರ ಹೆಣ್ಣಮಕ್ಕಳಿಗೂ ಸಮಪಾಲು ಐತಿ ಅನ್ನೂದು ನನಗ ಗೊತ್ತಿತ್ತು. ತವರಮನಿ ಬಾಗಲಾನೂ ನನಗ ಬೇಕಿತ್ತು. ಸಹಿ ಮಾಡಿದೆ. "ಅರಿಷಿಣ-ಕುಂಕುಮಕ್ಕ ಇರಲಿ" ಅಂತ ಎರಡೂವರಿ ಲಕ್ಷ ಕೊಟ್ರು. ಬ್ಯಾಂಕಿನಾಗ ಇಡು ಅಂದ್ರು ಮನಿಯವ್ರು. ಬಂಗಾರ ತಗೋ ಅಂದ್ಲು ಮಗಳು. ನನಗ ಮಾತ್ರ ಜೀಪ ಕಣ್ಣಮುಂದ ಬಂತು. ನೆವಾನೂ ಇತ್ತು. ನಮ್ಮ ತೊಗರಿ ಹೊಲ ಎರಿಭೂಮಿ, ಮಳಿ ಬಿದ್ರ ದಾರ್ಯಾಗ ಮೋಟರ್‌ಸೈಕಲ್ ಗಾಲಿ ತಿರಗೂದಿಲ್ಲ, ಕಾರಿನ ಮಾತ ದೂರ. "ಭೂಮಿ ಬಿಟ್ಟುಕೊಟ್ಟು ತಗಡು ತರತೀಯಾ?" ಅಂದ ಮನಿಯವ್ರು ಎಂಟ ದಿನ ಮಾತ ಬಿಟ್ರು. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಸಿಂದಗಿ ಕಡೆ ಒಂದು ಜೀಪ್ ಐತಿ ಅಂತ ಗೊತ್ತಾತು. ಎಂಬತ್ತೆರಡು ವರ್ಷದ ಅಪ್ಪನ್ನ ಕರಕೊಂಡು ಹೋದೆ. ಹೊಸ ಬಣ್ಣ ಮಿಂಚತಿತ್ತು. ಅಪ್ಪ ಬಣ್ಣ ನೋಡಲೇ ಇಲ್ಲ. ಮೊದಲ ಕಾಲಾಗಿನ ಮ್ಯಾಟ್ ತಗಸಿ, ತಗಡು ತುಕ್ಕು ತಿಂದೈತೇನು ನೋಡಿದ. ಚಾಸಿ ನಂಬರಿನ ಮ್ಯಾಲ ಹಾಳಿ ಇಟ್ಟು ಪೆನ್ಸಿಲ್ ತಿಕ್ಕಿಸಿ, ಮೂಡಿದ ಅಂಕಿ ಆರ್‌ಸಿ ಜೋಡಿ ತಾಳಿ ನೋಡಿದ. ಇಂಜಿನ್ ಚಾಲೂ ಇದ್ದಾಗ ಆಯಿಲ್ ಹಾಕೂ ಮುಚ್ಚಳ ತಗಸಿದ. ಅಲ್ಲಿಂದ ಬುಸುಬುಸು ಹೊಗಿ ಬಂದ್ರ ರಿಂಗ್ ಸವದಾವು ಅಂತ. ಹಿಂದಿನ ಹೊಗಿ ನೀಲಿ ಬಂದ್ರ ಇಂಜಿನ್ ಆಯಿಲ್ ಕುಡಿತೈತಿ, ಕರೇ ಬಂದ್ರ ಡೀಸೆಲ್ ಪೂರ್ತಿ ಉರಿವಲ್ದು. ಒಂದು ಲಕ್ಷ ತೊಂಬತ್ತು ಸಾವಿರಕ್ಕ ಮುಗೀತು. ಉಳದದ್ದು ಬ್ರೇಕು, ಟಾಯರು, ಮ್ಯಾಲಿನ ಹುಡ್ಡಿಗೆ ಹೋತು.

ತಗೋಳೋರಿಗೆ ಒಂದು ಮಾತು. 15 ವರ್ಷ ದಾಟಿದ ಸ್ವಂತ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ಹೊಸಾದು ಮಾಡಸಬೇಕು. ಅದರ ಫೀ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ದಾಗ 5,000 ಆಗಿತ್ತು. ಮುದತು ಮುಗದ ಗಾಡಿ ಅಗ್ಗ ಸಿಕ್ಕತಂತ ಮರುಳಾಗಬ್ಯಾಡ್ರಿ.

ಈ ಜೀಪಿನ ವಂಶ ದೊಡ್ಡದು. ಎರಡನೇ ಮಹಾಯುದ್ಧಕ್ಕಂತ ಅಮೆರಿಕಾದಾಗ ಹುಟ್ಟಿದ ವಿಲ್ಲೀಸ್ ಜೀಪನ್ನ ಮಹೀಂದ್ರಾದವ್ರು 1947ರಿಂದ ಇಲ್ಲಿ ಜೋಡಸಾಕ ಹತ್ತಿದ್ರು. ನಮ್ಮದರ ಮೈ ಅದ ನಮೂನಿ, ಇಂಜಿನ್ ಮಾತ್ರ ಫ್ರಾನ್ಸಿನ ಪೂಜೋ ನಮೂನಿ ಡೀಸೆಲ್. ಗೇರಿನ ಬಾಜೂಕ ಇನ್ನೆರಡು ಸಣ್ಣ ದಂಡಿಗಿ ಅದಾವ. ಒಂದು ಮುಂದಿನ ಗಾಲಿಗೂ ಜೋರು ಕೊಡತೈತಿ. ಇನ್ನೊಂದು ಸಾವಕಾಶ ಹೋಗಿ ಹೆಚ್ಚು ಎಳಿಯೂದಕ್ಕ. ಅಪ್ಪನ ಬಾಜೂಕ ಕುಂತು ಕಲಸಿದ, ನಾನು ಲೈಸೆನ್ಸ್ ತಗೊಂಡೆ.

ಆ ವರ್ಷ ಮಳ್ಯಾಗ ಮನಿಯವ್ರು ಹೊಲದಾಗ ಸಿಕ್ಕೊಂಡ್ರು. ಮೋಟರ್‌ಸೈಕಲ್ ಅಲ್ಲೇ ಬಿಡಸಿ ಜೀಪಿನಾಗ ಕರಕೊಂಡು ಬಂದೆ. ಕೆಸರಿನಾಗ ಚಂದ ಬಂತು, ಡಾಂಬರಿಗೆ ಬಂದ ಕೂಡ್ಲೇ ಸ್ಟೇರಿಂಗ್ ಕಲ್ಲಾತು. ಮುಂದಿನ ಗಾಲಿ ದಂಡಿಗಿ ಬಿಡಸಾಕ ಮರತಿದ್ದೆ. ತಿರುವಿನಾಗ ಮುಂದಿನ ಗಾಲಿ, ಹಿಂದಿನ ಗಾಲಿ ಒಂದಷ್ಟ ದೂರ ಹೋಗೂದಿಲ್ರಿ. ಕೆಸರಿನಾಗ ಜಾರಿ ಸರಿಹೋಗತಾವ, ಡಾಂಬರಿನ ಮ್ಯಾಲ ಜಾರೂದಿಲ್ಲ, ಒಳಗಿನ ಹಲ್ಲು ಜಗ್ಗಾಡತಾವ. ಅಪ್ಪ ಬೈದ. ಮನಿಯವ್ರು ಏನೂ ಅನ್ನಲಿಲ್ಲ. ಬಕೆಟ್ ತಗೊಂಡು ಗಾಲಿಗೆ ನೀರು ಹೊಡಿಯಾಕ ನಿಂತ್ರು.

ಅವತ್ತಿಂದ ನೀರು ಹೊಡಿಯೂದು ಅವರ ಪಾಲು. ಎರಿಮಣ್ಣು ತಳಕ್ಕ ಅಂಟಿ ಒಣಗಿದ್ರ ಒಳಗ ಹಸಿ ಹಿಡದು ತುಕ್ಕು ಹತ್ತತೈತಿ. ಮುಂಜಾನೆ ಆಯಿಲ್, ರೇಡಿಯೇಟರ್ ನೀರು ನೋಡೂದು ನನ್ನ ಪಾಲು. ಥಂಡ್ಯಾಗ ಹೀಟರ್ ಕಾದ ಮ್ಯಾಲ ಸ್ಟಾರ್ಟ್ ಮಾಡಬೇಕು. ಡೀಸೆಲ್ ಫಿಲ್ಟರಿನಾಗ ಕುಂತ ನೀರು ಆಗಾಗ ಬಿಡಬೇಕು. ಪಾಟಾದ ಪಿನ್ನಿಗೆ, ಕೆಳಗಿನ ಉದ್ದ ಶಾಫ್ಟಿನ ಜೋಡಿಗೆ ಗ್ರೀಸ್ ಹೊಡಿಬೇಕು, ನೀರಾಗ ಇಳದು ಬಂದ್ರಂತೂ ಅವತ್ತ.

ಅಪ್ಪ ಹೇಳಿದ್ದಕ್ಕ ಒಂದು ನೋಟಬುಕ್ಕಿನಾಗ ಲಾಗ್‌ಬುಕ್ ಇಟ್ಟೀನಿ. ತಾರೀಖು, ಕಿಲೋಮೀಟರ್, ಡೀಸೆಲ್, ಎಲ್ಲಿಗೆ, ಯಾವ ಕೆಲಸಕ್ಕ. ಮುಂದಿನ ಶ್ರಾವಣದಾಗ ನಮ್ಮೂರ ಬಸವಣ್ಣಗ ಕಾಯಿ ಒಡಸಿ, ನಿಡಗುಂದಿ ಮ್ಯಾಲ ಹಾಸಿ ಅಪ್ಪನ್ನ ಆಲಮಟ್ಟಿಗೆ ಕರಕೊಂಡು ಹೋದೆ. ಹತ್ತೂ ಮುಂದ ನನ್ನ ಬಾಜೂ ಸೀಟಿನ ಕಡೆ ನೋಡಿ ನಿಂತ. "ಇದು ಸಾಹೇಬ್ರ ಜಾಗಾ" ಅಂದ. ಕಲಸೂ ಮುಂದ ಅಲ್ಲೇ ಕುಂತಿದ್ದ, ಆದ್ರ ಅದು ಡ್ಯೂಟಿ ಇತ್ತಂತ. "ಕುಂದರಪಾ, ಇವತ್ತ ನೀನ ಸಾಹೇಬ" ಅಂದೆ. ಆಣೆಕಟ್ಟು ಕಂಡ ಮ್ಯಾಲ ಆ ಜ್ವರದ ರಾತ್ರಿ ಮಾತು ತಾನ ತಗದ. "ಕೂಸ ಸಾಯತೈತೇನೋ ಅಂತ ಅಂಜಿಕೊಂಡ ಸೈಕಲ್ ತುಳದೆ. ಜೀಪ್ ಒಯ್ಯಬೇಕಿತ್ತು ತಂಗಿ" ಅಂದ. ನನಗ ಮಾತು ಬರಲಿಲ್ಲ.

ಮನಿಗೆ ಬಂದು ಲಾಗ್‌ಬುಕ್ ಕೊಟ್ಟೆ. ನಡಗೂ ಕೈಲೆ ಕೆಲಸದ ಕಾಲಂದಾಗ ಅಪ್ಪ "ಸ್ವಂತ" ಅಂತ ಬರದ. ಮನಿಯವ್ರ ಮಾತಿಗೆ ನನಗ ಉತ್ತರ ಸಿಕ್ಕದ್ದು ಅವತ್ತ. ಭೂಮಿ ಹೋತು, ಅದರ ಸಂಕಟ ಪೂರ್ತಿ ಹೋಗಿಲ್ಲ. ತಗಡು ಮಾತ್ರ ನನ್ನ ಹೆಸರಿಲೆ ಐತಿ. ನಾಳೆ ಐತವಾರ, ಗ್ರೀಸ್ ಹೊಡಿಯೂದೈತಿ.