ಒಂದೇ ಹೆಸರಿನ ಇಬ್ಬರು

ಮಾವಿನ ತೋಟವುಳ್ಳವರಿಗೆ ಸಂಕ್ರಾಂತಿ ಸಮೀಪಿಸುತ್ತಲೇ ನಿದ್ದೆ ಕಡಿಮೆಯಾಗುತ್ತದೆ. ಶ್ರೀನಿವಾಸಪುರದ ಸುತ್ತಮುತ್ತ ಬಾದಾಮಿ, ತೋತಾಪುರಿ, ಮಲ್ಲಿಕಾ ಮರಗಳು ಹೂಗೊಂಚಲುಗಳನ್ನು ಹೊತ್ತು ನಿಲ್ಲುವ ಕಾಲವದು. ಹೂವನ್ನು ನೋಡಿ ಹಿಗ್ಗುವವರು ದಾರಿಹೋಕರು. ತೋಟದ ಯಜಮಾನನ ಕಣ್ಣು ಮಾತ್ರ ಆಕಾಶದ ಮೇಲೆಯೇ. ರಾತ್ರಿ ತಂಪಾಗಿ, ಮುಂಜಾನೆ ಮಂಜು ಕವಿದು, ಗಾಳಿಯಲ್ಲಿ ತೇವ ನಿಂತಿತೆಂದರೆ ಬೂದಿರೋಗಕ್ಕೆ ಹಬ್ಬ. ಜಿಗಿಹುಳುವಿನ ಕಾಟ ಬೇರೆ. ಔಷಧಿಯನ್ನು ಎಂದು ಸಿಂಪಡಿಸಬೇಕು, ಎಂದು ಸಿಂಪಡಿಸಬಾರದು ಎಂಬುದರ ಮೇಲೆ ಇಡೀ ವರ್ಷದ ಬದುಕು ನಿಂತಿರುತ್ತದೆ.

ನನ್ನ ಗೆಳೆಯರೊಬ್ಬರು ಇದಕ್ಕಾಗಿ ಒಂದು ಚಿಕ್ಕ ಉಪಕರಣವನ್ನು ತರಿಸಿಕೊಂಡಿದ್ದರು. ಅವರನ್ನು ಇಲ್ಲಿ ಗೌಡರು ಎಂದೇ ಕರೆಯುತ್ತೇನೆ. ಅಂಗೈಯಗಲದ ಆ ಪೆಟ್ಟಿಗೆ ಮರದ ನೆರಳಿನಲ್ಲಿ ತೂಗಾಡುತ್ತ ಗಂಟೆಗೊಮ್ಮೆ ಗಾಳಿಯ ಉಷ್ಣತೆಯನ್ನೂ ತೇವಾಂಶವನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಅದರ ನೆನಪಿನ ಅಳತೆ 720 ದಾಖಲೆಗಳು. ಎಂದರೆ ಸರಿಯಾಗಿ 30 ದಿನ. ಅಷ್ಟರೊಳಗೆ ಅದನ್ನು ಕಂಪ್ಯೂಟರಿಗೆ ಜೋಡಿಸಿ ದಾಖಲೆಗಳನ್ನು ಇಳಿಸಿಕೊಳ್ಳದಿದ್ದರೆ, ಹಳೆಯದನ್ನು ಒಂದೊಂದಾಗಿ ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತಿತ್ತು.

2023ರ ಜನವರಿ 22ರಂದು ಗೌಡರಿಂದ ದೂರವಾಣಿ ಕರೆ ಬಂದಿತು.

“ಮೇಷ್ಟ್ರೇ, ಪೆಟ್ಟಿಗೆ ಮಾತಾಡುತ್ತಿಲ್ಲ. ಮುಳಬಾಗಿಲಿನಲ್ಲಿ ಅಂಗಡಿಯವನಿಗೆ ತೋರಿಸಿದೆ. ಸತ್ತುಹೋಗಿದೆ, ಹೊಸದು ಕೊಳ್ಳಿ ಅಂದ. ಮಗನನ್ನು ಕೇಳಿದರೆ, ಪೆಟ್ಟಿಗೆ ಸರಿಯಾಗಿದೆ, ಕರ್ನೆಲ್ ಕೆಟ್ಟಿದೆ ಅನ್ನುತ್ತಾನೆ. ಕರ್ನೆಲ್ ಅಂದರೆ ಏನು, ಅದು ಎಲ್ಲಿ ಸಿಗುತ್ತದೆ?”

ಹಿಂದಿನ ಸಲ ದಾಖಲೆಗಳನ್ನು ಇಳಿಸಿಕೊಂಡದ್ದು ಜನವರಿ 1ರಂದು. ಉಳಿದಿದ್ದದ್ದು ಒಂಬತ್ತು ದಿನ. ನಾನು ಕೋಲಾರದಿಂದ ಬೆಳಗಿನ ಬಸ್ಸನ್ನು ಹಿಡಿದೆ.

ಕರ್ನೆಲ್ ಎಂದರೆ ತಿರುಳು. ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ಒಳತಿರುಳಾಗಿ ನಿಂತು, ಯಂತ್ರದ ಅಂಗಾಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ವ್ಯವಹಾರ ನಡೆಸುವ ಮೂಲ ಕ್ರಮವಿಧಿ ಅದು. ಗೌಡರ ಮನೆಯ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್; ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಲೋಕದ ಸಾವಿರಾರು ಜನ ಸೇರಿ ಬೆಳೆಸಿದ ಕರ್ನೆಲ್. ಇಂಜಿನಿಯರಿಂಗ್ ಓದುತ್ತಿರುವ ಗೌಡರ ಮಗ ಸಂಕ್ರಾಂತಿಯ ರಜೆಗೆ ಬಂದವನು, ಉಬುಂಟು ಎಂಬ ಆ ವ್ಯವಸ್ಥೆಯ 20.04ನೆಯ ಆವೃತ್ತಿಯನ್ನು 22.04ಕ್ಕೆ ಏರಿಸಿ ಹೋಗಿದ್ದ. ಅದರೊಡನೆ ಕರ್ನೆಲ್ಲೂ 5.4ರಿಂದ 5.15ಕ್ಕೆ ಬದಲಾಗಿತ್ತು. ಪೆಟ್ಟಿಗೆ ಮೌನವಾದದ್ದು ಆಮೇಲೆಯೇ. ಆದುದರಿಂದ ಹುಡುಗನ ಅನುಮಾನ ತೀರ ನಿರಾಧಾರವಾದುದಲ್ಲ. ಆದರೆ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿದೆಯೇ ಎಂಬುದನ್ನು ಕೊಂಬೆಯನ್ನು ನೋಡಿಯೇ ಹೇಳಬೇಕಲ್ಲವೇ?

ಮೊದಲು ತಂತಿಯನ್ನು ಪರೀಕ್ಷಿಸಿದೆ. ಸಾಮಾನ್ಯ ಯುಎಸ್‌ಬಿ ತಂತಿಯೊಳಗೆ ನಾಲ್ಕು ಎಳೆಗಳಿರುತ್ತವೆ. ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಮೊಬೈಲ್ ಚಾರ್ಜಿಗೆಂದೇ ಮಾರುವ ಕೆಲವು ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ, ಹೊರಗಿನಿಂದ ನೋಡಿದರೆ ವ್ಯತ್ಯಾಸವೂ ತಿಳಿಯದು. ಇದು ಅಂಥದ್ದಲ್ಲ. ಬಳಿಕ ಪೆಟ್ಟಿಗೆಯನ್ನೂ ಅದೇ ತಂತಿಯನ್ನೂ ಕೈಚೀಲದಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋದೆವು. ಅಲ್ಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು. ಪೆಟ್ಟಿಗೆಯನ್ನು ಅದು ಕೂಡಲೇ ಗುರುತಿಸಿತು. ದಾಖಲೆಗಳನ್ನು ಇಳಿಸುವ ತಂತ್ರಾಂಶ ಅಲ್ಲಿರಲಿಲ್ಲ. ಆದರೂ ಪೆಟ್ಟಿಗೆ ಸತ್ತಿಲ್ಲವೆಂಬುದು ಖಚಿತವಾಯಿತು. ಗೌಡರು ಅಂಗಡಿಯವನ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಇನ್ನು ಕರ್ನೆಲ್ಲಿನ ಸರದಿ. ಲಿನಕ್ಸಿನ ಒಂದು ಒಳ್ಳೆಯ ಪದ್ಧತಿಯೆಂದರೆ, ಹೊಸ ಕರ್ನೆಲ್ ಬಂದೊಡನೆ ಹಳೆಯದನ್ನು ಬಾವಿಗೆ ನೂಕುವುದಿಲ್ಲ. ಒಂದೆರಡನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ. ಯಂತ್ರವು ಆರಂಭವಾಗುವಾಗ ಪಟ್ಟಿಯಿಂದ ಹಳೆಯದನ್ನು ಆರಿಸಿಕೊಳ್ಳಬಹುದು. ನಾನು 5.4ನ್ನು ಆರಿಸಿದೆ. ಹಳೆಯ ಕರ್ನೆಲ್, ಹಳೆಯ ಪೆಟ್ಟಿಗೆ, ಹಳೆಯ ತಂತಿ. ಆದರೂ ಮೌನ!

ಗೌಡರ ಮುಖ ಬಾಡಿತು. ನನಗೆ ಮಾತ್ರ ಸಂತೋಷವಾಯಿತು. ಬದಲಾದದ್ದರಲ್ಲಿ ಒಂದನ್ನು ಮಾತ್ರ ಹಿಂದಕ್ಕೆ ತಂದಾಗಲೂ ದೋಷವು ಹಾಗೆಯೇ ಉಳಿದರೆ, ಆ ಒಂದು ನಿರಪರಾಧಿ. ಕರ್ನೆಲ್ಲನ್ನು ಕಟಕಟೆಯಿಂದ ಇಳಿಸಿ ಕಳುಹಿಸಬಹುದಾಗಿತ್ತು. ಕರ್ನೆಲ್ಲಿನೊಡನೆ ಬಂದಿಳಿದ ಇತರ ನೂರಾರು ತಂತ್ರಾಂಶಗಳಲ್ಲಿ ಯಾವುದೋ ಒಂದು ಈ ಕೆಲಸ ಮಾಡುತ್ತಿತ್ತು.

ಕರ್ನೆಲ್ ತಾನು ಕಂಡದ್ದನ್ನೆಲ್ಲ ದಿನಚರಿಯಂತೆ ಬರೆದಿಡುತ್ತದೆ. ಪೆಟ್ಟಿಗೆಯನ್ನು ಮತ್ತೆ ಜೋಡಿಸಿ ಆ ದಿನಚರಿಯ ಕೊನೆಯ ಸಾಲುಗಳನ್ನು ತೆಗೆಸಿದೆ. ಹೊಸ ಉಪಕರಣವೊಂದು ಬಂದಿದೆ. ಅದರ ಗುರುತು 1ಎ86, 7523. ಅದಕ್ಕೆ ತಕ್ಕ ಚಾಲಕ ತಂತ್ರಾಂಶವನ್ನು ಜೋಡಿಸಲಾಗಿದೆ. ಇದಿಷ್ಟು ಸರಿಯಾಗಿಯೇ ಇತ್ತು. ಮರುಕ್ಷಣವೇ ಮತ್ತೊಂದು ಸಾಲು: ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶವು ಬಂದು ಈ ಉಪಕರಣವನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿದೆ. ಅದರ ಕೆಳಗೆ: ಸಂಪರ್ಕ ಕಡಿಯಿತು. ಕರ್ನೆಲ್ ಮನೆಯ ಬಾಗಿಲು ತೆರೆದು ಅತಿಥಿಯನ್ನು ಕೂರಿಸುವಷ್ಟರಲ್ಲಿ ಇನ್ನಾರೋ ಅವನ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದರು.

ಯಾರು ಈ ಬಿಆರ್‌ಎಲ್‌ಟಿಟಿವೈ? ಹೆಸರಿನ ಮೊದಲ ಮೂರಕ್ಷರಗಳಲ್ಲಿ ಬ್ರೈಲ್ ಅಡಗಿದೆ. ಇದು ಅಂಧರಿಗಾಗಿ ರಚಿತವಾದ ತಂತ್ರಾಂಶ; ರಚಿಸಿದವರಲ್ಲಿಯೂ ಅಂಧರಿದ್ದಾರೆ. ತೆರೆಯ ಮೇಲಿನ ಅಕ್ಷರಗಳನ್ನು ಇದು ಬ್ರೈಲ್ ಫಲಕವೆಂಬ ಸಾಧನಕ್ಕೆ ಕಳುಹಿಸುತ್ತದೆ. ಆ ಫಲಕದ ಮೇಲೆ ಸಾಲಾಗಿ ಸಣ್ಣ ಮೊಳೆಗಳಿದ್ದು, ಅಕ್ಷರಕ್ಕೆ ತಕ್ಕಂತೆ ಮೇಲೇಳುತ್ತವೆ, ಕೆಳಗಿಳಿಯುತ್ತವೆ. ಬೆರಳಾಡಿಸಿ ಓದಬಹುದು.

ಮಾವಿನ ತೋಟದ ಪೆಟ್ಟಿಗೆಗೂ ಬ್ರೈಲಿಗೂ ಏನು ನಂಟು? ಇದನ್ನು ತಿಳಿಯಲು ಯುಎಸ್‌ಬಿಯ ಒಂದು ಗುಟ್ಟನ್ನು ಅರಿಯಬೇಕು. 1996ರಲ್ಲಿ ಹೊರಬಂದ ಈ ಸಂಪರ್ಕ ವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರು, ಬರೋಡದ ವಿಶ್ವವಿದ್ಯಾಲಯದಲ್ಲಿ ಓದಿ ಇಂಟೆಲ್ ಸಂಸ್ಥೆಯಲ್ಲಿದ್ದ ಅಜಯ್ ಭಟ್ಟರು. ಇದರಲ್ಲಿ ಪ್ರತಿಯೊಂದು ಉಪಕರಣವೂ ಜೋಡಣೆಯಾದೊಡನೆ ತನ್ನ ತಯಾರಕರ ಸಂಖ್ಯೆಯನ್ನೂ ಮಾದರಿಯ ಸಂಖ್ಯೆಯನ್ನೂ ಹೇಳಬೇಕು. ಹದಿನಾರರ ಗಣನಪದ್ಧತಿಯಲ್ಲಿ ನಾಲ್ಕು ಸ್ಥಾನಗಳ ಸಂಖ್ಯೆಗಳವು. ಒಂದೊಂದರಲ್ಲಿ 65,536 ಹೆಸರುಗಳಿಗೆ ಎಡೆಯಿದೆ. ಆದರೆ ಅಗ್ಗದ ಉಪಕರಣಗಳನ್ನು ಮಾಡುವವರು ಸ್ವಂತ ಹೆಸರನ್ನು ಪಡೆಯುವ ಗೊಡವೆಗೆ ಹೋಗುವುದಿಲ್ಲ. ಚೀನಾದಲ್ಲಿ ತಯಾರಾಗುವ ಸಿಎಚ್340 ಎಂಬ ಚಿಕ್ಕ ಚಿಪ್ಪನ್ನು ಒಳಗಿಟ್ಟು, ಅದರ ಹೆಸರನ್ನೇ ತಮ್ಮ ಹೆಸರಾಗಿ ಹೇಳಿಸುತ್ತಾರೆ. 1ಎ86, 7523 ಎಂಬುದು ಆ ಚಿಪ್ಪಿನ ಹೆಸರು. ಗೌಡರ ಪೆಟ್ಟಿಗೆಯ ಹೆಸರೂ ಅದೇ. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಸೇವೆಯವರು ಅಂಧ ಓದುಗರಿಗೆ ಕೊಡುವ 20 ಅಕ್ಷರಗಳ ಬ್ರೈಲ್ ಓದುಯಂತ್ರವೊಂದರ ಹೆಸರೂ ಅದೇ!

ನಮ್ಮ ಜಿಲ್ಲೆಯಲ್ಲಿ ಮುನಿಯಪ್ಪ, ನಾರಾಯಣಪ್ಪ ಎಂಬ ಹೆಸರುಗಳಿಗೆ ಬರವಿಲ್ಲ. ಒಂದೇ ಬೀದಿಯಲ್ಲಿ ಇಬ್ಬರು ಮುನಿಯಪ್ಪಂದಿರಿದ್ದರೆ ಅಂಚೆಯವನು ತಂದೆಯ ಹೆಸರನ್ನು ಕೇಳಿ ಕಾಗದ ಕೊಡುತ್ತಾನೆ. ಈ ಅಗ್ಗದ ಚಿಪ್ಪಿಗೆ ತಂದೆಯ ಹೆಸರಿಲ್ಲ. ಒಂದರಿಂದ ಒಂದನ್ನು ಬೇರೆ ಮಾಡುವ ಕ್ರಮಸಂಖ್ಯೆಯನ್ನು ಅದು ಹೇಳುವುದೇ ಇಲ್ಲ.

ಈ ತೊಂದರೆಗೆ ಬಹುಮಂದಿ ಕೊಡುವ ಸಲಹೆ ಸುಲಭವಾದುದು: ಆ ಬ್ರೈಲ್ ತಂತ್ರಾಂಶವನ್ನು ಕಿತ್ತುಹಾಕಿ. ಗೌಡರೂ ಅದನ್ನೇ ಹೇಳಿದರು. “ನಮ್ಮ ಮನೆಯಲ್ಲಿ ಕುರುಡರು ಯಾರೂ ಇಲ್ಲವಲ್ಲ ಮೇಷ್ಟ್ರೇ, ತೆಗೆದುಬಿಡಿ.” ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ಮಾಲೂರಿನವನು. ಬಾಲ್ಯದಲ್ಲೇ ದೃಷ್ಟಿ ಹೋಯಿತು. ಈಗ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಉದ್ಯೋಗಿ. ಅವನಿಗೆ ದೂರವಾಣಿ ಮಾಡಿದೆ.

“ಅದು ಕೇಳದೆಯೇ ಬಂದು ಕೈಹಿಡಿಯುತ್ತದಲ್ಲ, ಏಕಪ್ಪಾ?” ಎಂದೆ.

“ಕೇಳಿದರೆ ನನಗೆ ಕಾಣುವುದು ಹೇಗೆ, ಸಾರ್?” ಎಂದ. “ತೆರೆಯ ಮೇಲೆ ‘ಬ್ರೈಲ್ ಬೇಕೇ, ಬೇಡವೇ’ ಎಂಬ ಪ್ರಶ್ನೆ ಬಂದರೆ, ಆ ಪ್ರಶ್ನೆಯನ್ನು ಓದುವುದಕ್ಕೇ ನನಗೆ ಬ್ರೈಲ್ ಬೇಕು. ಅದಕ್ಕೇ ಅದು ಕೇಳುವುದಿಲ್ಲ.”

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅವನೇ ಮುಂದುವರಿಸಿದ. “ಪೂರ್ತಿ ತೆಗೆಯುವುದು ಬೇಡ ಸಾರ್. ನಿಯಮಗಳ ಕಡತದಲ್ಲಿ ಆ ಒಂದು ಹೆಸರಿನ ಸಾಲನ್ನು ಮಾತ್ರ ನಿಲ್ಲಿಸಿ. ಉಳಿದ ಫಲಕಗಳೆಲ್ಲ ಕೆಲಸ ಮಾಡುತ್ತವೆ.”

ಯಾವ ಉಪಕರಣ ಬಂದರೆ ಯಾರನ್ನು ಕರೆಯಬೇಕೆಂಬ ನಿಯಮಗಳು ಲಿನಕ್ಸಿನಲ್ಲಿ ಸಾಮಾನ್ಯ ಅಕ್ಷರ ಕಡತಗಳಾಗಿಯೇ ಇರುತ್ತವೆ. ಬ್ರೈಲಿನ ನಿಯಮಗಳ ಕಡತವನ್ನು ಯಜಮಾನನ ಸ್ವಂತ ತಿದ್ದುಪಡಿಗಳಿಗೆಂದು ಮೀಸಲಾದ ಜಾಗಕ್ಕೆ ಅದೇ ಹೆಸರಿನಲ್ಲಿ ನಕಲು ಮಾಡಿದೆ. ಅಲ್ಲಿರುವ ಕಡತಕ್ಕೇ ಮೊದಲ ಮನ್ನಣೆ. ಮೂಲ ಕಡತವನ್ನೇ ತಿದ್ದಿದ್ದರೆ ಮುಂದಿನ ನವೀಕರಣ ಅದನ್ನು ಅಳಿಸಿಬಿಡಬಹುದಾಗಿತ್ತು. ಸಾಲನ್ನು ಹುಡುಕಿ, ಅದರ ಮುಂದೆ ‘#’ ಎಂಬ ಗುರುತನ್ನಿಟ್ಟೆ. ಆ ಗುರುತುಳ್ಳ ಸಾಲನ್ನು ಯಂತ್ರವು ಓದದೆ ದಾಟಿಹೋಗುತ್ತದೆ. ನಿಯಮಗಳನ್ನು ಮತ್ತೆ ಓದಿಸಿ, ಕರ್ನೆಲ್ಲನ್ನು 5.15ಕ್ಕೇ ಮರಳಿಸಿ, ಪೆಟ್ಟಿಗೆಯನ್ನು ಜೋಡಿಸಿದೆ. ದಿನಚರಿಯಲ್ಲಿ ಸಂಪರ್ಕ ಕಡಿದ ಸಾಲು ಬರಲಿಲ್ಲ. ಜನವರಿ 1ರಿಂದ ಮೊದಲ್ಗೊಂಡು ಗಂಟೆಗೊಂದರಂತೆ ಎಲ್ಲ ದಾಖಲೆಗಳೂ ಇಳಿದುಬಂದವು. ಗೌಡರು ಕನ್ನಡಕವನ್ನು ಏರಿಸಿಕೊಂಡು ರಾತ್ರಿಯ ತೇವಾಂಶವನ್ನು ಒಂದೊಂದಾಗಿ ಓದುತ್ತ, ನಾನು ಎದುರಿಗಿದ್ದೇನೆಂಬುದನ್ನೇ ಮರೆತರು. ಮಾಡಿದ ಬದಲಾವಣೆಯನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿ ಹೊರಟೆ.

ಮೇ ತಿಂಗಳಿನಲ್ಲಿ ಮಾಲೂರಿನ ಹುಡುಗನನ್ನೂ ಕರೆದುಕೊಂಡು ಹಣ್ಣು ತಿನ್ನಲು ಗೌಡರ ತೋಟಕ್ಕೆ ಹೋಗಿದ್ದೆವು. ಅವನ ಚೀಲದಲ್ಲಿ ಬ್ರೈಲ್ ಫಲಕವಿತ್ತು. ಅದಕ್ಕೆ ತನ್ನದೇ ಆದ ಹೆಸರಿತ್ತು. ಅವನು ಅದನ್ನು ಗೌಡರ ಕಂಪ್ಯೂಟರಿಗೆ ಜೋಡಿಸಿದ. ಯಾರೂ ಏನನ್ನೂ ಒತ್ತಲಿಲ್ಲ. ಮೊಳೆಗಳು ಮೇಲೆದ್ದವು. ಜನವರಿಯ ದಾಖಲೆಗಳನ್ನು ತೆರೆದುಕೊಟ್ಟೆ. ಅವನು ಬೆರಳಾಡಿಸುತ್ತ ನಾಲ್ಕೈದು ಸಾಲುಗಳನ್ನು ದಾಟಿ ನಿಂತ.

“ಹತ್ತೊಂಬತ್ತರ ಬೆಳಗಿನ ಜಾವ ತೇವಾಂಶ ತೊಂಬತ್ತಾರು. ಆ ವಾರ ಔಷಧಿ ಹೊಡೆಸಿದಿರಾ, ಗೌಡರೇ?”

ಗೌಡರು ಹಣ್ಣು ಕೊಯ್ಯುತ್ತಿದ್ದ ಚಾಕುವನ್ನು ಕೆಳಗಿಟ್ಟು ಅವನ ಬೆರಳುಗಳನ್ನೇ ನೋಡುತ್ತಿದ್ದರು. “ಹೊಡೆಸಿದೆನಪ್ಪಾ,” ಎಂದರು. “ಮೇಷ್ಟ್ರು ಬಂದುಹೋದ ಮಾರನೆಯ ದಿನ.” ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಅದರ ಕೆಳಗಿನ ಸಾಲೇನು, ಅದನ್ನೂ ಓದು” ಎಂದರು.